ಡ್ಯಾಶ್‌ಬೋರ್ಡಿಗೆ ಹೊಸ ಹೊದಿಕೆ

ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಒಂದೇ ಸಲಕ್ಕೆ ಬಿರುಕು ಬಿಡುವುದಿಲ್ಲ. ಮೊದಲು ಮುಂದಿನ ಗಾಜಿನ ಒಳಮೈಯಲ್ಲಿ ಎಣ್ಣೆಯಂಥ ತೆಳುವಾದ ಮಬ್ಬು ಕೂರುತ್ತದೆ. ಒರೆಸಿದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಡ್ಯಾಶ್‌ಬೋರ್ಡಿನದೇ. ಪಿವಿಸಿ ಮೃದುವಾಗಿರಲೆಂದು ಅದರೊಳಗೆ ಬೆರೆಸಿದ ಪ್ಲಾಸ್ಟಿಸೈಸರ್ ಬಿಸಿಲಿನ ಕಾವಿಗೆ ಆವಿಯಾಗಿ ಹೊರಬಂದು ಗಾಜಿಗೆ ಅಂಟಿಕೊಳ್ಳುತ್ತದೆ. ಅದು ಹೊರಗೆ ಹೋದಷ್ಟೂ ಹೊದಿಕೆ ಗಡುಸಾಗುತ್ತದೆ, ಕುಗ್ಗಲು ನೋಡುತ್ತದೆ. ಕೆಳಗಿನ ಫೋಮ್ ಕಚ್ಚಿ ಹಿಡಿದಿರುವುದರಿಂದ ಕುಗ್ಗಲು ಅವಕಾಶವಿಲ್ಲ, ಕೊನೆಗೆ ಸೀಳುತ್ತದೆ. ಸೀಳು ಹುಟ್ಟುವುದು ಬಹುತೇಕ ಎಸಿ ವೆಂಟಿನ ಮೂಲೆಯಲ್ಲಿ, ಸ್ಪೀಕರಿನ ಜಾಲರಿಯ ಬದಿಯಲ್ಲಿ, ಅಂದರೆ ಎಲ್ಲೆಲ್ಲಿ ತೂತು ಕೊರೆದಿದೆಯೋ ಅಲ್ಲಿ.

ನನ್ನ ಕಾರಿನ ಡ್ಯಾಶ್‌ಬೋರ್ಡ್ ಈ ಹಂತಗಳನ್ನೆಲ್ಲ ಮುಗಿಸಿ, ಬಿರುಕಿನ ಅಂಚುಗಳು ಬತ್ತಿದ ಕೆರೆಯಂಗಳದ ಮಣ್ಣಿನಂತೆ ಮೇಲಕ್ಕೆ ಸುರುಟಿಕೊಳ್ಳುವವರೆಗೆ ಬಂದಿತ್ತು. ಒಳಗಿನ ಹಳದಿ ಫೋಮ್ ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಬಾಗಿಲ ಫಲಕಗಳ ಬಟ್ಟೆ ಸಡಿಲಗೊಂಡು ಗಾಳಿ ತುಂಬಿಕೊಂಡಿತ್ತು. ಗಾಜಿನ ಎರಡೂ ಬದಿಯ ಪಿಲ್ಲರ್‌ಗಳು ತಮ್ಮ ಮೂಲ ಬಣ್ಣವನ್ನು ಮರೆತಿದ್ದವು. ಬಿರುಕಿನ ಮೇಲೆ ಕೂರಿಸುವ ಗಟ್ಟಿ ಪ್ಲಾಸ್ಟಿಕ್ ಕವಚಗಳು ಸಿಗುತ್ತವೆ, ಹಾಸಿಬಿಡುವ ಬಟ್ಟೆಯ ಹೊದಿಕೆಗಳೂ ಸಿಗುತ್ತವೆ. ಎರಡೂ ಬಿರುಕನ್ನು ಕಣ್ಣಿಗೆ ಮರೆಮಾಡುತ್ತವೆ, ಅಷ್ಟೇ. ಕೆಲಸವನ್ನು ಮನೆಯಲ್ಲೇ ಮಾಡಲು ಹೊರಟಿದ್ದಕ್ಕೆ ಹಣ ಉಳಿಸುವ ಆಸೆಗಿಂತ ಕುತೂಹಲವೇ ಹೆಚ್ಚು ಕಾರಣ: ಉಬ್ಬು ತಗ್ಗುಗಳೇ ತುಂಬಿರುವ ಆ ಮೈಯ ಮೇಲೆ ಚಪ್ಪಟೆಯಾದ ಒಂದು ಹಾಳೆ ಸುಕ್ಕಿಲ್ಲದೆ ಹೇಗೆ ಕೂರುತ್ತದೆ?

ಆ ಪ್ರಶ್ನೆಗೆ ಹೋಗುವ ಮೊದಲು ಇನ್ನೊಂದು ವಿಷಯ ಇತ್ಯರ್ಥವಾಗಬೇಕಿತ್ತು. ಏನನ್ನು ಹೊದಿಸಬೇಕು ಎನ್ನುವುದಕ್ಕಿಂತ ಏನನ್ನು ಮುಟ್ಟಲೇಬಾರದು ಎಂಬುದು ಮುಖ್ಯ. ಏರ್‌ಬ್ಯಾಗ್ ಇರುವ ಕಡೆ ಹೊಸ ಹೊದಿಕೆ ಬೇಡವೇ ಬೇಡ. ಅಪಘಾತದಲ್ಲಿ ಅದು ಉಬ್ಬಿ ತುಂಬಿಕೊಳ್ಳಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲೂ ಬೇಕಾಗುವುದಿಲ್ಲ. ಅಷ್ಟರೊಳಗೆ ಅದರ ಮುಚ್ಚಳ ಗೊತ್ತುಪಡಿಸಿದ ಗೆರೆಯಲ್ಲೇ ಹರಿದು, ಗೊತ್ತುಪಡಿಸಿದ ದಿಕ್ಕಿಗೇ ತೆರೆದುಕೊಳ್ಳಬೇಕು. ಅದರ ಮೇಲೆ ಬಲವಾದ ರೆಕ್ಸಿನ್ ಎಳೆದು ಅಂಟಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಹೊಸ ಕಾರುಗಳಲ್ಲಿ ಈ ಮುಚ್ಚಳ ಕಣ್ಣಿಗೆ ಕಾಣುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಒಳಮೈಯಲ್ಲಿ ಲೇಸರಿನಿಂದ ಗೀರಿ ಗೆರೆಯನ್ನು ದುರ್ಬಲಗೊಳಿಸಿರುತ್ತಾರೆ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಮೈ. ಅಂಥ ಡ್ಯಾಶ್‌ಬೋರ್ಡಿಗೆ ಮನೆಯಲ್ಲಿ ಹೊಸ ಹೊದಿಕೆ ಹಾಕುವ ಯೋಚನೆಯನ್ನೇ ಬಿಡುವುದು ಸರಿ. ಸ್ಟೀರಿಂಗಿನ ನಡುಭಾಗಕ್ಕೂ, ಬದಿಯಲ್ಲಿ ಏರ್‌ಬ್ಯಾಗ್ ಇರುವ ಸೀಟಿಗೂ, ಚಾವಣಿಯಂಚಿನ ಪರದೆ ಏರ್‌ಬ್ಯಾಗ್ ಹಾದುಹೋಗುವ ಪಿಲ್ಲರಿಗೂ ಇದೇ ಮಾತು.

ನನ್ನದು ಹಳೆಯ ವಿನ್ಯಾಸ. ಪಕ್ಕದ ಸೀಟಿನ ಮುಂದಿರುವ ಮುಚ್ಚಳ ಗಟ್ಟಿ ಪ್ಲಾಸ್ಟಿಕ್ಕಿನ ಬೇರೆಯೇ ತುಂಡು, ಸುತ್ತಲೂ ಸ್ಪಷ್ಟವಾದ ಸಂದು. ಪಿಲ್ಲರ್‌ಗಳ ಹಿಂದೆ ಏನೂ ಇಲ್ಲ. ಹಾಗಾಗಿ ಮುಚ್ಚಳವನ್ನು ಇದ್ದ ಹಾಗೆಯೇ ಬಿಟ್ಟು, ಸುತ್ತಲಿನ ಮೈಯನ್ನು ಮಾತ್ರ ಹೊದಿಸಬಹುದಿತ್ತು. ಹೊಸ ರೆಕ್ಸಿನ್ ಆ ಸಂದಿನೊಳಗೆ ಮಡಚಿ ಹೋಗಬಾರದು, ಅಂಟು ಅದರೊಳಗೆ ಇಳಿಯಬಾರದು ಎಂಬ ಎರಡು ನಿಯಮಗಳನ್ನು ಹಾಕಿಕೊಂಡೆ. ಬಣ್ಣವನ್ನೂ ಆ ಮುಚ್ಚಳವೇ ತೀರ್ಮಾನಿಸಿತು. ಅದು ಕಡುಬೂದು, ಬದಲಾಗುವಂತಿಲ್ಲ. ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ತಿಳಿಬಣ್ಣದ ಡ್ಯಾಶ್‌ಬೋರ್ಡಿನ ಕನಸು ಕಾಣುವವರಿಗೆ ಇದು ಬೇಸರದ ಸಂಗತಿಯಾದೀತು. ಆದರೆ ಮೇಲ್ಮೈ ತಿಳಿಯಾಗಿದ್ದರೆ ಅಥವಾ ಹೊಳೆಯುತ್ತಿದ್ದರೆ ಅದರ ಬಿಂಬ ಗಾಜಿನಲ್ಲಿ ಮೂಡಿ ರಸ್ತೆಗೂ ಕಣ್ಣಿಗೂ ನಡುವೆ ತೇಲುತ್ತದೆ. ಕಡುಬಣ್ಣದ, ಹೊಳಪಿಲ್ಲದ ಹೊದಿಕೆಯನ್ನು ಕಾರ್ಖಾನೆಯವರು ಸೌಂದರ್ಯಪ್ರಜ್ಞೆಯ ಕೊರತೆಯಿಂದ ಹಾಕುವುದಿಲ್ಲ.

ಸಾಮಗ್ರಿಯಲ್ಲಿ ಮೂರು ದಾರಿಗಳಿದ್ದವು. ಅಸಲಿ ಚರ್ಮ ಸುಂದರ, ಆದರೆ ಒಂದು ಮಿಲಿಮೀಟರಿಗಿಂತ ದಪ್ಪವಿರುವ ಅದನ್ನು ಮಡಿಕೆ ಬರುವ ಅಂಚಿನಲ್ಲೆಲ್ಲ ಹಿಂಬದಿಯಿಂದ ಹೆರೆದು ತೆಳುಮಾಡಬೇಕು, ಅದಕ್ಕೆ ಬೇರೆಯೇ ಯಂತ್ರವಿದೆ. ಸ್ವೀಡ್‌ನಂಥ ಮೈಕ್ರೋಫೈಬರ್ ಬಟ್ಟೆ ಬೆಳಕನ್ನು ಚೆನ್ನಾಗಿ ಹೀರುತ್ತದೆ, ತಗ್ಗುಗಳಲ್ಲಿ ಸಲೀಸಾಗಿ ಕೂರುತ್ತದೆ; ಧೂಳನ್ನೂ ಅಷ್ಟೇ ಪ್ರೀತಿಯಿಂದ ಹಿಡಿದಿಟ್ಟುಕೊಳ್ಳುತ್ತದೆ. ನಾನು ಆರಿಸಿದ್ದು ಹಿಂಬದಿಯಲ್ಲಿ ಹೆಣೆದ ಬಟ್ಟೆ ಇರುವ, ನಾಲ್ಕೂ ದಿಕ್ಕಿಗೆ ಹಿಗ್ಗುವ ಕಾರಿನ ರೆಕ್ಸಿನ್. ಸೋಫಾದ ರೆಕ್ಸಿನ್ ನೋಡಲು ಇದರಂತೆಯೇ ಇದ್ದರೂ ಹಿಂಬದಿಯ ನೇಯ್ದ ಬಟ್ಟೆ ಹಿಗ್ಗುವುದಿಲ್ಲ, ಬಿಸಿಲಿನ ಕಾವನ್ನೂ ಅದು ಹೆಚ್ಚು ಕಾಲ ತಾಳದು. ಕಾರಿನೊಳಗಿನ ವಸ್ತುಗಳಿಗೆ ಬೆಂಕಿಯ ಪರೀಕ್ಷೆಯೂ ಉಂಟು. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದಂತೆ ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ಐಎಸ್‌ಒ 3795 ಎಂಬುದೂ ಇಂಥದ್ದೇ ಪರೀಕ್ಷೆ. ಸುರುಳಿಯ ಮೇಲೆ ಇವುಗಳಲ್ಲಿ ಒಂದರ ಉಲ್ಲೇಖ ಇದ್ದದ್ದನ್ನು ನೋಡಿಯೇ ತೆಗೆದುಕೊಂಡೆ.

ಅಂಟಿನ ವಿಚಾರದಲ್ಲಿ ಜಿಪುಣತನ ಮಾಡಬಾರದು. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಮೈ 70 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, 80ರವರೆಗೂ ಏರಬಲ್ಲದು. ಚಪ್ಪಲಿಗೂ ಪ್ಲೈವುಡ್ಡಿಗೂ ಬಳಸುವ ಸಾಧಾರಣ ಕಾಂಟ್ಯಾಕ್ಟ್ ಅಂಟು ಆ ಕಾವಿನಲ್ಲಿ ಮೆತ್ತಗಾಗಿ ಹಿಡಿತ ಬಿಡುತ್ತದೆ. 100 ಡಿಗ್ರಿ ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ, ಕಾರಿನ ಒಳಾಂಗಣಕ್ಕೆಂದೇ ತಯಾರಾದ ಅಂಟು ಬೇಕು.

ಬಿಚ್ಚುವ ಕೆಲಸ ಬ್ಯಾಟರಿಯಿಂದ ಆರಂಭ. ಋಣ ತುದಿಯ ತಂತಿಯನ್ನು ತೆಗೆದು, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದಿರುವ ವಿದ್ಯುತ್ ಬರಿದಾಗುವವರೆಗೆ ಕಾಯಬೇಕು. ಎಷ್ಟು ಹೊತ್ತು ಎಂಬುದು ಕಾರಿನಿಂದ ಕಾರಿಗೆ ಬೇರೆ, ದುರಸ್ತಿ ಕೈಪಿಡಿಯಲ್ಲಿ ಬರೆದಿರುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮಲ್ಟಿಮೀಟರ್ ತಾಗಿಸುವ ಕುತೂಹಲ ಬೇಡ. ಪುಣ್ಯಕ್ಕೆ ನನ್ನ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಮೇಲ್ಭಾಗ ಬೇರೆ ತುಂಡಾಗಿಯೇ ಹೊರಬರುತ್ತದೆ. ಇಡೀ ಡ್ಯಾಶ್‌ಬೋರ್ಡ್ ಒಂದೇ ಎರಕವಾಗಿರುವ ಕಾರುಗಳಲ್ಲಿ ಸ್ಟೀರಿಂಗಿನ ಕಂಬವನ್ನೇ ಕೆಳಗಿಳಿಸಬೇಕಾಗುತ್ತದೆ. ಮನೆಯಂಗಳದಲ್ಲಿ ಅಷ್ಟು ದೂರ ಹೋಗುವ ಧೈರ್ಯ ನನಗಿರಲಿಲ್ಲ.

ಸ್ಕ್ರೂಗಳ ಕುರಿತು ಒಂದೇ ಮಾತು: ಒಂದೊಂದು ತುಂಡಿನ ಸ್ಕ್ರೂಗಳನ್ನು ಒಂದೊಂದು ಚೀಟಿ ಅಂಟಿಸಿದ ಚೀಲಕ್ಕೆ ಹಾಕಿ, ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚಿದ ಮೇಲೆ ಒಂದು ಫೋಟೊ. ಕ್ಲಿಪ್‌ಗಳಿಗೆ ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ಗಾಯ ಉಳಿಯುತ್ತದೆ, ನೈಲಾನಿನ ಅಗಲ ಮೀಟುಗೋಲು ಬಳಸಬೇಕು. ಮೀಟುವುದು ಕ್ಲಿಪ್ಪಿನ ಪಕ್ಕದಲ್ಲೇ. ದೂರದಿಂದ ಜಗ್ಗಿದರೆ ಫಲಕ ಬಾಗುತ್ತದೆ, ಕ್ಲಿಪ್ ಬಿಡುವುದಿಲ್ಲ. ಹಳೆಯ ಕ್ಲಿಪ್‌ಗಳಲ್ಲಿ ಕೆಲವು ಮುರಿದೇ ಮುರಿಯುತ್ತವೆ, ಹೊಸವನ್ನು ಮೊದಲೇ ತಂದಿಟ್ಟುಕೊಂಡವರು ಜಾಣರು.

ಹೊರಬಂದ ತುಂಡುಗಳನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಬಾಣದ ಗುರುತುಗಳ ನಡುವೆ ಪುಟ್ಟ ಅಕ್ಷರಗಳು ಕಾಣುತ್ತವೆ. ಕೆಲಸದ ಅರ್ಧ ಭವಿಷ್ಯ ಅಲ್ಲಿ ಬರೆದಿರುತ್ತದೆ. ಅವು ಪ್ಲಾಸ್ಟಿಕ್ಕಿನ ಬಗೆಯನ್ನು ಹೇಳುತ್ತವೆ. ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಹೆಸರಿದ್ದರೆ ನಿಶ್ಚಿಂತೆ: ಉಪ್ಪುಕಾಗದದಲ್ಲಿ ತುಸು ಉಜ್ಜಿ ಸ್ವಚ್ಛ ಮಾಡಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಅಸಿಟೋನನ್ನು ಮಾತ್ರ ಹತ್ತಿರ ಸೇರಿಸಬಾರದು, ಎಬಿಎಸ್ ಅದರಲ್ಲಿ ಕರಗುತ್ತದೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಪಕ್ಕದಲ್ಲಿ ಟಿಡಿ20 ಎಂದಿದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ ಎಂದರ್ಥ. ಪಾಲಿಪ್ರೊಪಿಲೀನಿಗೆ ಯಾವ ಅಂಟೂ ಸುಲಭವಾಗಿ ಒಗ್ಗುವುದಿಲ್ಲ, ಅದರ ಮೈ ದ್ರವವನ್ನು ಹರಡಿಕೊಳ್ಳಲು ಬಿಡದೆ ಹನಿಗಟ್ಟಿಸುತ್ತದೆ. ಅಡ್ಹೀಷನ್ ಪ್ರಮೋಟರ್ ಎಂಬ ತೆಳುವಾದ ಪೂರ್ವಲೇಪನ ಹಾಕಿದ ಮೇಲಷ್ಟೇ ಅಂಟಿನ ಸರದಿ. ನನ್ನ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ತಳ ಎಬಿಎಸ್, ಬಾಗಿಲ ಫಲಕಗಳೂ ಪಿಲ್ಲರ್‌ಗಳೂ ಪಿಪಿ. ಒಂದೇ ಕಾರು, ಒಂದೇ ರೆಕ್ಸಿನ್, ಆದರೆ ತಯಾರಿ ಎರಡು ಬಗೆ.

ಸ್ವಚ್ಛತೆಗೆ ನಾನು ಹೆಚ್ಚು ಹೊತ್ತು ಕೊಟ್ಟೆ. ಡ್ಯಾಶ್‌ಬೋರ್ಡಿಗೆ ಮಿರುಗು ಬರಲೆಂದು ವರ್ಷಗಟ್ಟಲೆ ಬಳಿದ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದು ಸಂದುಗೊಂದುಗಳಲ್ಲಿ ಕೂತಿದ್ದು, ಉಪ್ಪುಕಾಗದ ಹಾಕಿದರೆ ಗೀರುಗಳೊಳಗೇ ಸೇರಿಕೊಂಡು ಅಂಟನ್ನು ಹತ್ತಿರ ಬಿಡುವುದಿಲ್ಲ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆಯಾದ ಬಿಳಿ ಬಟ್ಟೆ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ. ಉಜ್ಜುವುದು ಅದರ ನಂತರ.

ಡ್ಯಾಶ್‌ಬೋರ್ಡಿನ ಹಳೆಯ ತೊಗಲನ್ನು ಪೂರ್ತಿ ಸುಲಿದುಹಾಕಿದೆ. ಬಿರುಕುಗಳನ್ನಷ್ಟೇ ತುಂಬಿ ಅದರ ಮೇಲೆಯೇ ಹೊಸದನ್ನು ಅಂಟಿಸುವವರಿದ್ದಾರೆ, ನನಗೆ ಆ ದಾರಿಯಲ್ಲಿ ನಂಬಿಕೆಯಿಲ್ಲ. ಹಳೆಯದು ಇನ್ನೂ ಕುಗ್ಗುತ್ತಲೇ ಇರುತ್ತದೆ, ಕುಗ್ಗಿದಾಗ ಮೇಲಿನದನ್ನೂ ಜತೆಗೆ ಎಳೆಯುತ್ತದೆ. ಕೆಳಗಿನ ಫೋಮಿನಲ್ಲಿ ಗಟ್ಟಿಯಾಗಿ ಉಳಿದಿದ್ದನ್ನು ಹಾಗೆಯೇ ಬಿಟ್ಟೆ. ಪುಡಿಯಾಗಿದ್ದ ಕಡೆ ಚಾಕುವಿನಿಂದ ಕೆತ್ತಿ ತೆಗೆದು, ಒಣಗಿದ ಮೇಲೂ ಬಾಗುವಂಥ ಎರಡು ಭಾಗದ ಪುಟ್ಟಿ ತುಂಬಿದೆ. ಗೋಡೆಗೂ ಮರಕ್ಕೂ ಬಳಸುವ ಗಡುಸು ಪುಟ್ಟಿ ಇಲ್ಲಿ ನಿಲ್ಲದು. ಕಾವಿಗೆ ಫೋಮ್ ಹಿಗ್ಗಿದಾಗ ಅದು ಬಿಟ್ಟುಕೊಳ್ಳುತ್ತದೆ. 120 ನಂಬರಿನ ಉಪ್ಪುಕಾಗದವನ್ನು ಉದ್ದನೆಯ ಮರದ ತುಂಡಿಗೆ ಸುತ್ತಿ ಉಜ್ಜಿ, ಬಳಿಕ 180ರಿಂದ ನಯಗೊಳಿಸಿದೆ. ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಕಣ್ಣು ಮುಚ್ಚಿ ಅಂಗೈಯನ್ನು ನಿಧಾನವಾಗಿ ಆಡಿಸಿದರೆ ಕೈಗೆ ಸಿಗುವ ಸಣ್ಣ ತಗ್ಗು, ರೆಕ್ಸಿನ್ ಹೊದಿಸಿದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಈಗ ಆ ಪ್ರಶ್ನೆಗೆ ಬರೋಣ.

ಕಾಗದವನ್ನು ಸಿಲಿಂಡರಿಗೆ ಸುತ್ತಬಹುದು, ಚೆಂಡಿಗೆ ಸುತ್ತಲಾಗದು. ಒಂದೇ ದಿಕ್ಕಿಗೆ ಬಾಗಿದ ಮೈಯನ್ನು ಚಪ್ಪಟೆ ಹಾಳೆ ಒಪ್ಪಿಕೊಳ್ಳುತ್ತದೆ. ಎರಡು ದಿಕ್ಕಿಗೂ ಬಾಗಿದರೆ ಎಲ್ಲೋ ಹಿಗ್ಗಬೇಕು, ಇಲ್ಲವೇ ಎಲ್ಲೋ ಸುಕ್ಕಾಗಬೇಕು. ಮೀಟರುಗಳ ಮೇಲಿನ ಗೂಡು ಎರಡು ದಿಕ್ಕಿಗೆ ಉಬ್ಬಿದೆ. ಅದು ಡ್ಯಾಶ್‌ಬೋರ್ಡನ್ನು ಸೇರುವ ಬುಡ ಒಂದು ದಿಕ್ಕಿಗೆ ಉಬ್ಬು, ಇನ್ನೊಂದು ದಿಕ್ಕಿಗೆ ತಗ್ಗು. ರೆಕ್ಸಿನ್ ಹಿಗ್ಗುತ್ತದೆ, ಹೀಟ್ ಗನ್ನಿನಿಂದ ಬಿಸಿ ಮಾಡಿದರೆ ಇನ್ನಷ್ಟು ಹಿಗ್ಗುತ್ತದೆ, ಹಾಗಾಗಿ ಎಲ್ಲವನ್ನೂ ಒಂದೇ ತುಂಡಿನಲ್ಲಿ ಹೊಲಿಗೆಯಿಲ್ಲದೆ ಹೊದಿಸಬಹುದು ಎಂಬ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿ ತೋರಿಸುವವರೂ ಇದ್ದಾರೆ. ಅವರು ತೋರಿಸುವುದು ಮೊದಲ ದಿನದ ಡ್ಯಾಶ್‌ಬೋರ್ಡನ್ನು.

ಹೊಲಿಗೆ ಯಂತ್ರ ಅಕ್ಕನದು. ತುಂಡುಗಳನ್ನು ಅವಳ ಮುಂದೆ ಹರಡಿದಾಗ ಗೂಡಿನ ಸುತ್ತ ಒಮ್ಮೆ ಕೈಯಾಡಿಸಿ ಕೇಳಿದಳು: "ಇದನ್ನು ಒಂದೇ ತುಂಡಿನಲ್ಲಿ ಹೊದಿಸಬೇಕು ಎಂದಿದ್ದೀಯಾ?"

"ಆಗುವುದಾದರೆ ಒಳ್ಳೆಯದಲ್ಲವೇ ಅಕ್ಕಾ? ನೋಡು, ಎಳೆದರೆ ಎಷ್ಟು ಹಿಗ್ಗುತ್ತದೆ."

"ಹಿಗ್ಗಿದ್ದು ಕುಗ್ಗುವುದಿಲ್ಲವೇ? ತೋಳು ಭುಜಕ್ಕೆ ಸೇರುವ ಕಡೆ ನಾವು ಬಟ್ಟೆಯನ್ನು ಎಳೆದು ಕೂರಿಸುತ್ತೇವೆಯೇ? ಕತ್ತರಿಸಿ ಹೊಲಿಯುತ್ತೇವೆ. ಎಲ್ಲಿ ಎಳೆಯಬೇಕು ಎನಿಸುತ್ತದೋ ಅಲ್ಲಿ ಹೊಲಿಗೆ ಕೊಡು."

ಡ್ಯಾಶ್‌ಬೋರ್ಡಿನ ರಸಾಯನವೂ ಅದನ್ನೇ ಹೇಳುತ್ತದೆ. ಎಳೆದು ಅಂಟಿಸಿದ ರೆಕ್ಸಿನ್ ತನ್ನ ಮೊದಲಿನ ಅಳತೆಗೆ ಮರಳಲು ಸದಾ ಜಗ್ಗುತ್ತಿರುತ್ತದೆ. ಅಂಟು ಗಟ್ಟಿಯಾಗಿರುವಷ್ಟು ಕಾಲ ಅದನ್ನು ತಡೆಯುತ್ತದೆ. ಕಾರು ಬಿಸಿಲಿಗೆ ಬಂದಾಗ ಅಂಟು ಮೆತ್ತಗಾಗುವುದೂ ರೆಕ್ಸಿನ್ನಿಗೆ ಹಳೆಯ ಆಕಾರ ನೆನಪಾಗುವುದೂ ಒಟ್ಟಿಗೇ ನಡೆಯುತ್ತವೆ. ಆಗ ಉಬ್ಬಿದ ಕಡೆ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಎಳೆತ ರೆಕ್ಸಿನ್ನನ್ನು ಕೆಳಕ್ಕೇ ಒತ್ತುತ್ತದೆ. ತಗ್ಗಿನಲ್ಲಿ ಮಾತ್ರ ಅದು ಎದ್ದು, ಈ ದಡದಿಂದ ಆ ದಡಕ್ಕೆ ನೇರವಾಗಿ ಬಿಗಿದುಕೊಳ್ಳುತ್ತದೆ. ಚರ್ಮ ಹೊದಿಸಿದ ದುಬಾರಿ ಕಾರುಗಳ ಡ್ಯಾಶ್‌ಬೋರ್ಡಿನ ಮುಂದಿನ ಏಣಿನುದ್ದಕ್ಕೂ ಕಾಣುವ ಜೋಡಿ ಹೊಲಿಗೆ ಅಲಂಕಾರವೆಂದು ನಾನು ತಿಳಿದಿದ್ದೆ. ಎರಡು ಮೈಗಳು ತಿರುಗುವ ಜಾಗದಲ್ಲಿ ತುಂಡುಗಳನ್ನು ಸೇರಿಸುವ ಕೆಲಸವೂ ಅದರದೇ. ಹೊಲಿಗೆಯ ಚಿತ್ರವನ್ನಷ್ಟೇ ಪ್ಲಾಸ್ಟಿಕ್ಕಿನ ಮೇಲೆ ಎರಕದಲ್ಲೇ ಮೂಡಿಸುವ ಅಗ್ಗದ ಕಾರುಗಳದು ಬೇರೆ ಮಾತು.

ಅಳತೆಯ ಮಾದರಿ ತೆಗೆದದ್ದು ಮಾಸ್ಕಿಂಗ್ ಟೇಪಿನಿಂದ. ತುಂಡಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಟೇಪನ್ನು ಅಡ್ಡಡ್ಡವಾಗಿ ಎರಡು ಪದರ ಅಂಟಿಸಿದರೆ ಡ್ಯಾಶ್‌ಬೋರ್ಡಿನ ಆಕಾರದ ಗಟ್ಟಿ ಚಿಪ್ಪು ಸಿಗುತ್ತದೆ. ಹೊಲಿಗೆ ಎಲ್ಲಿ ಹೋಗಬೇಕು ಎಂಬ ಗೆರೆಯನ್ನು ಪೆನ್ನಿನಿಂದ ಅದರ ಮೇಲೆಯೇ ಎಳೆದೆ: ಮುಂದಿನ ಏಣಿನುದ್ದಕ್ಕೆ ಒಂದು, ಗೂಡಿನ ಬುಡವನ್ನು ಬಳಸಿಕೊಂಡು ಒಂದು. ಗೆರೆಯನ್ನು ಅಡ್ಡಹಾಯುವಂತೆ ಅಂಗೈಯಗಲಕ್ಕೊಂದು ಸಣ್ಣ ಗುರುತು ಹಾಕಬೇಕು. ಬೇರ್ಪಟ್ಟ ತುಂಡುಗಳು ಮತ್ತೆ ಎಲ್ಲಿ ಕೂಡಬೇಕು ಎಂದು ಹೇಳುವುದು ಈ ಗುರುತುಗಳೇ. ಆಮೇಲೆ ಗೆರೆಯ ಮೇಲೆಯೇ ಚಿಪ್ಪನ್ನು ಕತ್ತರಿಸಿ ತೆಗೆದು ಮೇಜಿನ ಮೇಲೆ ಹರಡಿದರೆ, ಯಾವ ತುಂಡು ತಾನಾಗಿ ಚಪ್ಪಟೆಯಾಗುತ್ತದೆ, ಯಾವುದು ಮೊಂಡು ಹಿಡಿಯುತ್ತದೆ ಎಂಬುದು ಕೂಡಲೇ ತಿಳಿಯುತ್ತದೆ. ಗೂಡಿನ ಮಾದರಿ ಮೊಂಡು ಹಿಡಿಯಿತು. ಅಕ್ಕ ಅದನ್ನು ಹಣೆಯಿಂದ ಹಿಂದಕ್ಕೆ ಎರಡಾಗಿ ಸೀಳಿಸಿದಳು, ಚಪ್ಪಟೆಯಾಗಿ ಮಲಗಿತು.

ಮಾದರಿಯನ್ನು ರೆಕ್ಸಿನ್ನಿನ ಹಿಂಬದಿಗೆ ಇಳಿಸುವಾಗ ಮಗುಚಿ ಇಡಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಂಡಿದ್ದೆ, ಎಡದ ತುಂಡು ಬಲದ್ದಾಗಿಬಿಡಬಾರದಲ್ಲ. ಹೊಲಿಗೆಗೆಂದು 12 ಮಿಲಿಮೀಟರ್, ಅಂಚಿನಲ್ಲಿ ಮಡಚಲು 30 ಮಿಲಿಮೀಟರ್ ಹೆಚ್ಚುವರಿ ಬಿಟ್ಟುಕೊಂಡೆ. ಎಲ್ಲ ತುಂಡುಗಳಲ್ಲೂ ರೆಕ್ಸಿನ್ನಿನ ಉದ್ದ ಒಂದೇ ದಿಕ್ಕಿಗಿರಬೇಕು, ಇಲ್ಲವಾದರೆ ಮೈಮೇಲಿನ ಕಣ, ಅಂದರೆ ಚರ್ಮದಂಥ ಸಣ್ಣ ತರಿ, ಅಕ್ಕಪಕ್ಕದ ತುಂಡುಗಳಲ್ಲಿ ಬೇರೆ ಬೇರೆ ಬಣ್ಣವೆಂಬಂತೆ ಕಾಣುತ್ತದೆ.

ಹೊಲಿಗೆಯ ಬಗ್ಗೆ ನಾನು ಕಲಿತದ್ದೆಲ್ಲ ಅಕ್ಕನಿಂದ. ಬಟ್ಟೆಗೆ ಚುಚ್ಚಿದ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ರೆಕ್ಸಿನ್ನಿನ ತೂತು ಶಾಶ್ವತ. ಆದ್ದರಿಂದ ಗುಂಡುಸೂಜಿ ಬಳಸುವಂತಿಲ್ಲ, ಅಂಚುಗಳನ್ನು ಕ್ಲಿಪ್ ಹಾಕಿ ಹಿಡಿಯಬೇಕು. ಹೊಲಿಗೆಯ ಉದ್ದ ನಾಲ್ಕು ಮಿಲಿಮೀಟರಾದರೂ ಇರಲಿ. ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ರೆಕ್ಸಿನ್ ಹರಿಯುತ್ತದೆ. ದಾರ ಪಾಲಿಯೆಸ್ಟರಿನದು, ಹತ್ತಿಯದನ್ನು ಬಿಸಿಲು ಕೆಲವೇ ವರ್ಷಗಳಲ್ಲಿ ತಿಂದುಹಾಕುತ್ತದೆ. ಸೂಜಿ 16ನೆಯ ಇಲ್ಲವೇ 18ನೆಯ ನಂಬರಿನದು. ಯಂತ್ರದ ಲೋಹದ ಪಾದ ರೆಕ್ಸಿನ್ನಿನ ಮೈಗೆ ಕಚ್ಚಿಕೊಂಡು ಮುಂದೆ ಸರಿಯದಿದ್ದಾಗ ಅವಳು ನಡುವೆ ಒಂದು ತೆಳು ಕಾಗದವಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆದಳು. ತುಂಡುಗಳನ್ನು ಮುಖಕ್ಕೆ ಮುಖ ಇಟ್ಟು ಹೊಲಿದು, ಬಿಡಿಸಿ, ಹಿಂಬದಿಯ ಅಂಚುಗಳನ್ನು ಎರಡೂ ಕಡೆಗೆ ಮಲಗಿಸಿ, ಮೇಲಿನಿಂದ ನಡುಗೆರೆಯ ಅತ್ತಿತ್ತ ಒಂದೊಂದು ಸಾಲು. ಆ ಎರಡು ಸಾಲುಗಳು ಸಮಾನಾಂತರವಾಗಿ ಹೋಗಬೇಕು. ಅಕ್ಕ ಹೊಲಿದ ಉದ್ದನೆಯ ಸಾಲು ನೇರವಾಗಿದೆ. ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲಿನದು ನಾನು ಹೊಲಿದದ್ದು, ಅದನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ.

ಹೊಲಿಗೆಯ ಕೆಳಗೆ ರೆಕ್ಸಿನ್ ಎರಡು ಪದರವಾಗುವುದರಿಂದ ಅಲ್ಲಿ ಏಣು ಎದ್ದು ಕಾಣುತ್ತದೆ. ಫೋಮಿನ ಮೇಲೆ ಹೊಲಿಗೆ ಕೂರುವ ಗೆರೆಯುದ್ದಕ್ಕೂ ಅಂಚುಗಳ ಅಗಲಕ್ಕೆ ಆಳವಿಲ್ಲದ ತೋಡು ಉಜ್ಜಿದ್ದೆ, ಹಿಂಬದಿಯ ಅಂಚುಗಳು ಅದರಲ್ಲಿ ಅಡಗಿದವು. ಈ ತೋಡಿನಿಂದ ಇನ್ನೊಂದು ಉಪಕಾರವಾಯಿತು: ಅಂಟಿಸುವಾಗ ಹೊಲಿಗೆ ಎಲ್ಲಿ ಕೂರಬೇಕೆಂದು ಬೆರಳಿಗೇ ಗೊತ್ತಾಗುತ್ತಿತ್ತು.

ಅಂಟಿನಲ್ಲಿ ಟಾಲುವೀನ್, ಹೆಕ್ಸೇನ್‌ನಂಥ ದ್ರಾವಕಗಳಿರುತ್ತವೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆ ಇದಕ್ಕೆ ಸಲ್ಲದು. ಧೂಳಿನ ಮಾಸ್ಕಿನಿಂದ ಆವಿ ನಿಲ್ಲುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಅಂಟು ಹಸಿಯಿರುವಾಗ ಹೀಟ್ ಗನ್ ಹಚ್ಚುವುದೆಂದರೆ ಬೆಂಕಿಗೆ ಆಹ್ವಾನ. ಫೋಮಿನ ಒಂದು ಮೂಲೆಯಲ್ಲಿ ತುಸು ಬಳಿದು ಅದು ಕರಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಎರಡೂ ಮೈಗಳಿಗೆ ತೆಳುವಾಗಿ ಒಂದು ಪದರ, ಆರಿದ ಮೇಲೆ ಇನ್ನೊಂದು. ಬೆರಳ ಹಿಂಬದಿ ತಾಗಿಸಿದರೆ ಜಿಗುಟೆನಿಸಬೇಕು, ಆದರೆ ಬೆರಳಿಗೆ ಹತ್ತಬಾರದು. ಅದು ಸರಿಯಾದ ಸಮಯ. ಅದಕ್ಕೆ ಮೊದಲು ಅಂಟಿಸಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಮೊದಲ ಬಿಸಿಲಿಗೇ ಗುಳ್ಳೆಯಾಗಿ ಏಳುತ್ತದೆ.

ಕಾಂಟ್ಯಾಕ್ಟ್ ಅಂಟಿನ ಮೈಗಳು ಒಮ್ಮೆ ತಾಗಿದರೆ ಮುಗಿಯಿತು, ಸರಿಸುವ ಪ್ರಶ್ನೆಯಿಲ್ಲ. ಹಾಗಾಗಿ ರೆಕ್ಸಿನ್ನನ್ನು ಹಿಂದಕ್ಕೆ ಮಡಚಿಟ್ಟು, ಮೊದಲು ಹೊಲಿಗೆಯ ಗೆರೆಯನ್ನಷ್ಟೇ ತೋಡಿನಲ್ಲಿ ಕೂರಿಸಿದೆವು. ನಾನು ನಡುವಿನಿಂದ ಬದಿಗಳಿಗೆ ಒತ್ತುತ್ತ ಹೋದಂತೆ ಅಕ್ಕ ಉಳಿದ ರೆಕ್ಸಿನ್ನನ್ನು ಮೇಲೆತ್ತಿ ಹಿಡಿದಿದ್ದಳು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಅಲ್ಲಿಂದ ಮುಂದೆ ಒಂದೇ ಕ್ರಮ: ಮೊದಲು ತಗ್ಗು, ಆಮೇಲೆ ಅದರ ಸುತ್ತಲಿನ ಉಬ್ಬು. ಉಬ್ಬುಗಳನ್ನು ಮೊದಲೇ ಅಂಟಿಸಿಬಿಟ್ಟರೆ ತಗ್ಗಿನೊಳಗೆ ಇಳಿಯಲು ರೆಕ್ಸಿನ್ ಉಳಿದಿರುವುದಿಲ್ಲ, ಎಳೆಯುವುದೊಂದೇ ದಾರಿಯಾಗುತ್ತದೆ. ಬೆರಳ ಗೆಣ್ಣಿನಿಂದ, ಬಟ್ಟೆ ಸುತ್ತಿದ ಚಮಚದ ಬೆನ್ನಿನಿಂದ ತಗ್ಗುಗಳಿಗೆ ಒತ್ತಿ ಒತ್ತಿ ಕೂರಿಸಿದೆವು.

ಹೀಟ್ ಗನ್ ಬೇಡವೆಂದಲ್ಲ. ಹೊರಮೂಲೆಗಳಲ್ಲಿ, ಅಂಚು ಮಡಚುವಲ್ಲಿ ತುಸು ಬಿಸಿ ಬೇಕೇ ಬೇಕು. ಬೀಸುತ್ತಲೇ ಇರಬೇಕು, ಒಂದೇ ಕಡೆ ನಿಲ್ಲಿಸಿದರೆ ಮೈಮೇಲಿನ ಕಣ ಕರಗಿ ನುಣುಪಾದ ಕಲೆ ಉಳಿಯುತ್ತದೆ, ಅದನ್ನು ಸರಿಪಡಿಸಲು ಬರುವುದಿಲ್ಲ. ಹಿಗ್ಗಿಸಲೇಬೇಕಾದ ಮೂಲೆಗಳಲ್ಲಿ ಅಂಟಿಸಿದ ಮೇಲೆ ಇನ್ನೊಮ್ಮೆ ಬಿಸಿ ಕೊಟ್ಟು, ಪೂರ್ತಿ ತಣ್ಣಗಾಗುವವರೆಗೆ ಒತ್ತಿ ಹಿಡಿಯಬೇಕು. ಹಾಗೆ ಮಾಡಿದರೆ ಹೊಸ ಆಕಾರಕ್ಕೆ ರೆಕ್ಸಿನ್ ಸ್ವಲ್ಪಮಟ್ಟಿಗೆ ಒಗ್ಗಿಕೊಳ್ಳುತ್ತದೆ.

ವೆಂಟುಗಳ ತೂತುಗಳನ್ನು ಎಲ್ಲ ಅಂಟಿದ ಮೇಲೆ ಕತ್ತರಿಸಿದೆ. ಮೊದಲು ನಡುವೆ ಗುಣಾಕಾರದ ಸೀಳು, ಆಮೇಲೆ ಮೂಲೆಯ ಕಡೆಗೆ ಹೊಸ ಬ್ಲೇಡಿನಿಂದ. ಒಳಮೂಲೆ ಮುಟ್ಟಲು ಮೂರು ಮಿಲಿಮೀಟರ್ ಇರುವಾಗಲೇ ನಿಲ್ಲಿಸಬೇಕು; ಮಡಚುವಾಗ ರೆಕ್ಸಿನ್ ಹಿಗ್ಗಿ ಉಳಿದದ್ದನ್ನು ಮುಚ್ಚಿಕೊಳ್ಳುತ್ತದೆ. ಹೊರಮೂಲೆಗಳಲ್ಲಿ ಇದಕ್ಕೆ ವಿರುದ್ಧ, ಹೆಚ್ಚಾದದ್ದನ್ನು ಬಾಣದ ಮೊನೆಯಂತೆ ಕತ್ತರಿಸಿ ತೆಗೆಯದಿದ್ದರೆ ಮಡಿಕೆ ಗಂಟುಕಟ್ಟುತ್ತದೆ. ಏರ್‌ಬ್ಯಾಗ್ ಮುಚ್ಚಳದ ಸುತ್ತ ಮಡಚಲಿಲ್ಲ. ಸಂದಿಗೆ ತುಸು ಮೊದಲೇ ಮೂಲ ಫೋಮಿನಲ್ಲಿ ಸಣ್ಣ ಗೀರು ಮಾಡಿ, ರೆಕ್ಸಿನ್ನಿನ ಅಂಚನ್ನು ಅದರೊಳಗೆ ತೂರಿಸಿ ನಿಲ್ಲಿಸಿದೆ. ಮುಚ್ಚಳ ತನ್ನ ಪಾಡಿಗೆ ತಾನಿದೆ. ಗಾಜಿನ ಬುಡದಲ್ಲಿ, ಹೊರಗಿನಿಂದ ಕಾಣುವಂತೆ ಚಾಸಿ ನಂಬರ್ ಇದ್ದರೆ ಅದನ್ನೂ ಮುಚ್ಚಕೂಡದು. ಬೆಳಕಿನ ಸಂವೇದಕದ ಕಣ್ಣಿಗೂ ಹಾಗೆಯೇ ಜಾಗ ಬಿಡಬೇಕು.

ಬಾಗಿಲ ಫಲಕಗಳದು ಸುಲಭದ ಕೆಲಸ. ನಿಜಕ್ಕೂ ಅವುಗಳಿಂದಲೇ ಆರಂಭಿಸಬೇಕು, ಹೆಚ್ಚುಕಡಿಮೆ ಚಪ್ಪಟೆಯಾದ್ದರಿಂದ ಕೈ ಪಳಗುತ್ತದೆ. ಬಟ್ಟೆಯ ಭಾಗವನ್ನು ಫಲಕಕ್ಕೆ ಪ್ಲಾಸ್ಟಿಕ್ ಗೂಟಗಳ ತಲೆ ಕರಗಿಸಿ ಸೇರಿಸಿರುತ್ತಾರೆ. ತಲೆಗಳನ್ನು ಕೊರೆದು ತೆಗೆದೆ, ಮರಳಿ ಸೇರಿಸಲು ಅಗಲ ತಲೆಯ ಗಿಡ್ಡ ಸ್ಕ್ರೂಗಳು ಸಾಕಾದವು. ಹಳೆಯ ಬಟ್ಟೆಯ ಹಿಂದಿದ್ದ ಫೋಮ್ ಜಿಗುಟು ಹಿಟ್ಟಾಗಿತ್ತು, ಅದನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಏನನ್ನು ಅಂಟಿಸಿದರೂ ವ್ಯರ್ಥ. ಬಾಗಿಲಿನ ಲೋಹದ ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಕಾಪಾಡಬೇಕು, ಗಾಜಿನ ಸಂದಿನಲ್ಲಿ ಇಳಿಯುವ ಮಳೆನೀರು ಫಲಕಕ್ಕೆ ಬಾರದಂತೆ ತಡೆಯುವುದು ಅದೇ. ಪಿಲ್ಲರ್‌ಗಳಿಗೆ ಹಿಗ್ಗುವ ತೆಳು ಬಟ್ಟೆ ಹಾಕಿದೆ, ಅಲ್ಲಿ ಹೇಳುವಂಥದ್ದೇನೂ ಇಲ್ಲ.

ಮರಳಿ ಜೋಡಿಸುವಾಗಲೇ ನಿಜವಾದ ಜಗಳ ಶುರುವಾದದ್ದು. ರೆಕ್ಸಿನ್ ಸುಮಾರು ಒಂದು ಮಿಲಿಮೀಟರ್ ದಪ್ಪ. ಎರಡು ತುಂಡುಗಳು ಎದುರುಬದುರಾಗಿ ಸೇರುವ ಕಡೆ ಎರಡು ಮಿಲಿಮೀಟರ್. ಮಡಿಕೆಯಿದ್ದರೆ ಇನ್ನೂ ಹೆಚ್ಚು. ಕಾರ್ಖಾನೆಯವರು ಬಿಟ್ಟಿದ್ದ ಸಂದು ಅಷ್ಟು ಇರಲೇ ಇಲ್ಲ. ಎಸಿ ವೆಂಟುಗಳು ತಮ್ಮ ಗೂಡಿಗೆ ಇಳಿಯಲು ಒಪ್ಪಲಿಲ್ಲ. ಕಾಣದ ಒಳಗೋಡೆಗಳಲ್ಲಿ ಮಡಿಕೆಯನ್ನು ಗಿಡ್ಡಗೊಳಿಸಿ, ಪ್ಲಾಸ್ಟಿಕ್ಕಿನ ಅಂಚನ್ನು ಅರದಿಂದ ಉಜ್ಜಿ, ಮತ್ತೆ ಕೂರಿಸಿ ನೋಡಿ, ಮತ್ತೆ ತೆಗೆದು ಉಜ್ಜುವುದೇ ಕೆಲಸವಾಯಿತು. ಗ್ಲೋವ್ ಬಾಕ್ಸಿನ ಮುಚ್ಚಳ ಮುಚ್ಚಿದರೆ ತೆರೆಯುತ್ತಿರಲಿಲ್ಲ. ಅದರ ಕೊಂಡಿಯ ತೂತನ್ನು ತುಸು ಕೆಳಕ್ಕೆ ಹಿಗ್ಗಿಸಬೇಕಾಯಿತು. ಕ್ಲಿಪ್‌ಗಳು ಪೂರ್ತಿ ಒಳಹೊಗುವ ಮೊದಲೇ ಫಲಕ ತಡೆದು ನಿಲ್ಲುತ್ತಿದ್ದ ಕಡೆ ಗುದ್ದಿ ಕೂರಿಸುವ ಪ್ರಲೋಭನೆ ಬಂದೇ ಬರುತ್ತದೆ. ಗುದ್ದಿದರೆ ಕ್ಲಿಪ್ ಕೂರುವ ಪ್ಲಾಸ್ಟಿಕ್ ಗೂಟವೇ ಮುರಿಯುತ್ತದೆ, ಅದಕ್ಕೆ ಬದಲಿ ಸಿಗುವುದಿಲ್ಲ.

ಕಾರು ಓಡಿಸಿದ ಮೇಲೆ ಇನ್ನೊಂದು ತಕರಾರು ಕೇಳಿಸಿತು, ಅಕ್ಷರಶಃ. ರೆಕ್ಸಿನ್ನಿಗೆ ರೆಕ್ಸಿನ್ ತಿಕ್ಕುವ ಕ್ರೀಚ್ ಕ್ರೀಚ್ ಸದ್ದು, ರಸ್ತೆಯ ಪ್ರತಿ ಉಬ್ಬಿಗೂ. ಒಂದೊಂದು ಸಂದಿಗೂ ಬೆರಳು ಒತ್ತಿ ಸದ್ದು ನಿಲ್ಲುವ ಜಾಗ ಹುಡುಕಿ, ತುಂಡುಗಳು ತಾಗುವ ಮೈಗಳಲ್ಲಿ ಒಂದಕ್ಕೆ ಫೆಲ್ಟ್ ಟೇಪ್ ಅಂಟಿಸಿದೆ. ಜೋಡಿಸುವ ಮೊದಲೇ ಎಲ್ಲ ಸಂದುಗಳಿಗೂ ಅಂಟಿಸಿಟ್ಟರೆ ಈ ಎರಡನೆಯ ಬಿಚ್ಚಾಟ ತಪ್ಪುತ್ತದೆ.

ಅಂಟು ಪೂರ್ತಿ ಬಲಿಯಲು ಒಂದು ಹಗಲು ಒಂದು ರಾತ್ರಿಯಾದರೂ ನೆರಳಿನಲ್ಲಿ ಬಿಡಬೇಕು, ನಾನು ಇನ್ನೂ ಹೆಚ್ಚು ಬಿಟ್ಟೆ. ಆಮೇಲೆ ಒಂದು ಇಡೀ ಬೇಸಿಗೆ ಕಳೆದಿದೆ. ಹೊಲಿಗೆ ಕೊಟ್ಟ ಗೂಡಿನ ಬುಡ ಇದ್ದ ಹಾಗೆಯೇ ಇದೆ. ಎದ್ದುಬಂದದ್ದು ಒಂದೇ ಕಡೆ: ಬಲಗಡೆಯ ವೆಂಟಿನ ಕೆಳಗಿನ ಸಣ್ಣ ಗುಳಿಯಲ್ಲಿ. ಅಲ್ಲಿ ಹೊಲಿಗೆಗೆ ಜಾಗವಿಲ್ಲದೆ ಬಿಸಿ ಕೊಟ್ಟು ಹಿಗ್ಗಿಸಿಯೇ ಕೂರಿಸಿದ್ದೆವು. ಸಿರಿಂಜಿನಿಂದ ಅಂಟು ತೂರಿಸಿ ಒತ್ತಿ ಕಟ್ಟಿ ನೋಡಿದೆ. ಸದ್ಯಕ್ಕೆ ನಿಂತಿದೆ, ಮುಂದಿನ ಬೇಸಿಗೆಗೆ ಮತ್ತೆ ಏಳುತ್ತದೆ ಎಂಬುದು ಅಕ್ಕನ ಅಂದಾಜು. ಆ ಗುಳಿಯನ್ನೇ ಪುಟ್ಟಿಯಿಂದ ತುಂಬಿ ಸಮ ಮಾಡಿ, ಆ ಭಾಗಕ್ಕಷ್ಟೇ ಹೊಸ ತುಂಡು ಹಾಕಬೇಕೆಂದಿದ್ದೇನೆ. ಉಳಿದ ರೆಕ್ಸಿನ್ನನ್ನು ಮಡಚದೆ ಕೊಳವೆಗೆ ಸುತ್ತಿಟ್ಟಿದ್ದೇನೆ, ಮಡಚಿದರೆ ಬೀಳುವ ಗೆರೆ ಮತ್ತೆ ಹೋಗುವುದಿಲ್ಲ. ಅಷ್ಟು ರೆಕ್ಸಿನ್ ಈ ದುರಸ್ತಿಗೆ ಸಾಕು, ಹಿಂದಿನ ಗಾಜಿನ ಕೆಳಗಿನ ಹಲಗೆಗೂ ಆದೀತು.